ಫಾಂಡೆಂಟ್ ಮೇಲೆ ಸ್ಟೀಲಿನ ಹೊಳಪು ಬರ್ತಾನೇ ಇಲ್ಲ: ಮಾವನವರ ವಾಚಿನ ಕೇಕ್, ಮುಂದಿನ ಭಾನುವಾರಕ್ಕೆ ಬೇಕು

ಹನುಮಂತನಗರದ ಓವನ್:

ರಾತ್ರಿ ಹನ್ನೊಂದೂವರೆ. ಅಡುಗೆಮನೆ ಕಟ್ಟೆಯ ಮೇಲೆ ಬೂದು ಬಣ್ಣದ ಅಂಟಂಟು ಬಳೆಯೊಂದು ಕೂತಿದೆ. ಅದು ವಾಚು ಅಂತೆ. ನಾನೇ ಮಾಡಿದ್ದು.

ವಿಷಯ ಹೀಗಿದೆ. ಮುಂದಿನ ಭಾನುವಾರ ನಮ್ಮ ಮಾವನವರ ಭೀಮರಥ ಶಾಂತಿ, ಎಪ್ಪತ್ತನೇ ವರ್ಷದ್ದು. ಬೆಳಿಗ್ಗೆ ಹೋಮ, ಮಧ್ಯಾಹ್ನ ಊಟ, ಸಂಜೆ ಮೊಮ್ಮಕ್ಕಳ ಜೊತೆ ಕೇಕ್. ಹೋಮಕ್ಕೂ ಕೇಕಿಗೂ ಏನು ಸಂಬಂಧ ಅಂತ ಅತ್ತೆ ಕೇಳಿದರು. ಮಕ್ಕಳ ಗಲಾಟೆಗೆ ಸೋತು ಕೊನೆಗೆ ಒಪ್ಪಿದರು. ಮೊಟ್ಟೆ ಹಾಕಬಾರದು, ಫಾಂಡೆಂಟ್ (ಕೇಕಿಗೆ ಹೊದಿಸುವ ಸಕ್ಕರೆ ಕಣಕ) ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ಇರಬೇಕು ಅನ್ನುವ ಷರತ್ತಿನ ಮೇಲೆ.

ಮಾವ ಜಾಲಹಳ್ಳಿಯ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದವರು. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ವಾಚು ಶುರುವಾದ ಕಥೆ ನಮ್ಮ ಮನೆಯಲ್ಲಿ ಉಪ್ಪಿಟ್ಟಿನ ಜೊತೆ ಬಡಿಸುತ್ತಾರೆ. 2016ರಲ್ಲಿ ಸರ್ಕಾರ ವಾಚಿನ ಕಂಪನಿ ಮುಚ್ಚಲು ತೀರ್ಮಾನಿಸಿತಲ್ಲ, ಅವತ್ತು ಪೇಪರ್ ಮಡಚಿಟ್ಟು ವಾಕಿಂಗ್‌ಗೆ ಅಂತ ಹೋದವರು ಎರಡು ಗಂಟೆ ವಾಪಸ್ ಬರಲಿಲ್ಲ. ಕೈಯಲ್ಲಿ ಇವತ್ತಿಗೂ ಅದೇ ಕಾರ್ಖಾನೆಯ ಜನತಾ ಅನ್ನುವ ಮಾದರಿಯ ವಾಚು. ದಿನಾ ಕಾಫಿಗೆ ಮುಂಚೆ ಕೀ ಕೊಡುತ್ತಾರೆ. ಹಾಗಾಗಿ ಕೇಕ್ ಅಂದರೆ ಜನತಾ ಕೇಕ್. ಹತ್ತಿಂಚಿನ ದುಂಡು ಕೇಕ್, ಬಿಳಿ ಡಯಲ್, ಕಂದು ಪಟ್ಟಿ, ಸುತ್ತ ಸ್ಟೀಲ್ ಕೇಸು.

ಡಯಲ್ ಆಯಿತು, ಪಟ್ಟಿಯೂ ಆಯಿತು. ಪಟ್ಟಿಗೆ ಹಲ್ಲುಚಕ್ರ ಉರುಳಿಸಿ ಹೊಲಿಗೆ ಗುರುತು ಹಾಕಿದ್ದೇನೆ, ನೋಡಿದರೆ ಚರ್ಮ ಅಂತಲೇ ಅನ್ನಬೇಕು. ಸ್ಟೀಲ್ ಕೇಸಿನಲ್ಲೇ ಗೋಳು.

ಪೇಟೆ ಕಡೆಯ ಒಂದು ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಲ್ವರ್ ಲಸ್ಟರ್ ಡಸ್ಟ್, ಅಂದರೆ ಬೆಳ್ಳಿ ಬಣ್ಣದ ಹೊಳಪಿನ ಪುಡಿ, ತಂದೆ. ಚಿಕ್ಕ ಡಬ್ಬಿ. ಬಿಳಿ ಫಾಂಡೆಂಟಿಗೆ ಗಟ್ಟಿಯಾಗಲಿ ಅಂತ ಸಿಎಂಸಿ ಪುಡಿ ಸೇರಿಸಿ ನಾದಿ, ಕಾರ್ನ್‌ಫ್ಲೋರ್ ಉದುರಿಸಿ ಲಟ್ಟಿಸಿ, ಬಳೆಯ ಹಾಗೆ ಕತ್ತರಿಸಿದೆ. ಪುಡಿಯನ್ನು ನೀರಲ್ಲಿ ಕಲಸಿ ಬ್ರಷ್‌ನಲ್ಲಿ ಬಳಿದೆ. ಮೊದಲ ಕೋಟ್ ಹಾಕಿದಾಗ ಅಲ್ಯೂಮಿನಿಯಂ ಪಾತ್ರೆಗೆ ಬೂದಿ ಉಜ್ಜಿ ತೊಳೆಯದೆ ಬಿಟ್ಟ ಹಾಗೆ ಇತ್ತು. ಸರಿ, ಇನ್ನೊಂದು ಕೋಟ್. ಈಗ ಬ್ರಷ್ ಎಳೆದ ಕಡೆಯೆಲ್ಲ ಗೀರು, ಗುಳಿ. ಮುಟ್ಟಿದರೆ ಬೆರಳಿಗೆ ಜೋನಿಬೆಲ್ಲದ ಹಾಗೆ ಅಂಟುತ್ತದೆ. ನಾಲ್ಕು ಗಂಟೆಯಾದರೂ ಒಣಗಿಲ್ಲ. ಹೊರಗೆ ಜಿಟಿಜಿಟಿ ಮಳೆ ಬೇರೆ. ಬೇಗ ಒಣಗಲಿ ಅಂತ ಫ್ರಿಜ್‌ನಲ್ಲಿ ಇಟ್ಟೆ. ಹೊರಗೆ ತೆಗೆದ ಹತ್ತು ನಿಮಿಷಕ್ಕೆ ಬೆವರು ಹನಿ ಹನಿಯಾಗಿ ಇಳಿಯಿತು. ಇನ್ಸ್ಟಾಗ್ರಾಮ್‌ನಲ್ಲಿ ಎಲ್ಲರೂ ವೋಡ್ಕಾದಲ್ಲಿ ಕಲಸುತ್ತಾರೆ. ನಾನು ಎಂಆರ್‌ಪಿ ಅಂಗಡಿಯಿಂದ ಕ್ವಾರ್ಟರ್ ಹಿಡಿದುಕೊಂಡು ಈ ಮನೆಯ ಹೊಸ್ತಿಲು ದಾಟಿದರೆ ಭಾನುವಾರ ಮಾವನಿಗೆ ಶಾಂತಿ, ನನಗೆ ಅಶಾಂತಿ.

ಮದ್ಯ ಇಲ್ಲದೆ ಸ್ಟೀಲ್ ಹೊಳಪು ಬರಿಸಲು ದಾರಿ ಇದೆಯಾ? ಸುಮ್ನೆ ಮಿಣಮಿಣ ಅನ್ನುವ ಪುಡಿ ಅಲ್ಲ, ನೋಡಿದರೆ ಲೋಹ ಅನ್ನಿಸಬೇಕು. ಕೈಯಲ್ಲಿ ಒಂಬತ್ತು ದಿನ ಇದೆ.

ಕ್ರೀಮ್ ಬನ್:

ಅಷ್ಟು ಕಷ್ಟ ಯಾಕೆ? ಸಿಲ್ವರ್ ಸ್ಪ್ರೇ ಸಿಗುತ್ತದೆ, ಪುಸ್ ಅಂತ ಹೊಡೆದರೆ ಆಯಿತು. ನಾನು ಮಗಳ ಬರ್ತ್‌ಡೇಗೆ ಹೊಡೆದಿದ್ದೆ. ಸ್ವಲ್ಪ ಟೇಬಲ್ ಮೇಲೂ, ನಾಯಿ ಮೇಲೂ ಬಿತ್ತು. ಅಷ್ಟೇ.

ಜಯನಗರದ ಕೇಕ್ ಟೀಚರ್:

ಸ್ಪ್ರೇ ಹೊಡೆದರೆ ಮಂಜು ಬಿದ್ದ ಹಾಗೆ ಮಿನುಗು ಬರುತ್ತದೆ. ವಾಚಿನ ಕೇಸು ಅನ್ನಿಸುವುದಿಲ್ಲ. ಅದನ್ನು ಆಮೇಲೆ ನೋಡೋಣ.

ಮೊದಲು ಆ ಡಬ್ಬಿಯನ್ನು ತಿರುಗಿಸಿ ಓದಿ ಮೇಡಂ. ಏನು ಬರೆದಿದೆ? ತಿನ್ನಬಹುದು ಅಂತ ಸ್ಪಷ್ಟವಾಗಿ ಇದೆಯಾ? ಒಳಗೆ ಏನೇನು ಹಾಕಿದ್ದಾರೆ ಅನ್ನುವ ಪಟ್ಟಿ ಇದೆಯಾ? ಸರ್ಕಾರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಗುರುತು, ಹದಿನಾಲ್ಕು ಅಂಕಿಯ ಲೈಸೆನ್ಸ್ ನಂಬರ್? ಬರೀ ನಾನ್-ಟಾಕ್ಸಿಕ್ ಅಂತಲೋ, ಅಲಂಕಾರಕ್ಕೆ ಮಾತ್ರ ಅಂತಲೋ ಇದ್ದರೆ ಅದು ತಿನ್ನುವ ವಸ್ತುವಲ್ಲ. ಮಕ್ಕಳ ಕ್ರೇಯಾನ್ ಮೇಲೂ ನಾನ್-ಟಾಕ್ಸಿಕ್ ಅಂತ ಇರುತ್ತದೆ, ಅದನ್ನು ಪಲ್ಯ ಮಾಡುತ್ತೀವಾ?

ನಾನು ಹೆದರಿಸಲು ಹೇಳುತ್ತಿಲ್ಲ. ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ 2021ರಲ್ಲಿ ಒಂದು ವರದಿ ಹಾಕಿತು. 2018ರಲ್ಲಿ ರೋಡ್ ಐಲೆಂಡ್ ರಾಜ್ಯದಲ್ಲಿ ಹುಟ್ಟುಹಬ್ಬದ ಕೇಕ್ ತಿಂದ ಆರು ಮಕ್ಕಳಿಗೆ ವಾಂತಿ, ಭೇದಿ. ಕೇಕಿಗೆ ಬಳಿದದ್ದು ರೋಸ್ ಗೋಲ್ಡ್ ಪುಡಿ. ಪರೀಕ್ಷೆ ಮಾಡಿದರೆ ಅದು ನುಣ್ಣನೆಯ ತಾಮ್ರದ ಪುಡಿ. ಮರುವರ್ಷ ಮಿಸೌರಿಯಲ್ಲಿ ಒಂದು ವರ್ಷದ ಮಗುವಿನ ರಕ್ತದಲ್ಲಿ ಸೀಸ ಸಿಕ್ಕಿತು. ಕೇಕಿಗೆ ಹಾಕಿದ್ದ ಪುಡಿಯಲ್ಲಿ ನೂರಕ್ಕೆ ಇಪ್ಪತ್ತೈದು ಪಾಲು ಸೀಸ. ನನ್ನ ಕ್ಲಾಸಿಗೆ ಬರುವವರಿಗೆ ನಾನು ಮೊದಲ ದಿನ ಬ್ರಷ್ ಕೊಡುವುದಿಲ್ಲ. ಡಬ್ಬಿ ಕೊಟ್ಟು ಓದಿಸುತ್ತೇನೆ.

ತಿನ್ನುವ ಲಸ್ಟರ್ ಡಸ್ಟಿನಲ್ಲಿ ಲೋಹ ಇರುವುದಿಲ್ಲ. ಅಭ್ರಕ, ಅಂದರೆ ಮೈಕಾ, ಅದರ ಸಣ್ಣ ಸಣ್ಣ ಹಾಳೆಗಳ ಮೇಲೆ ಟೈಟಾನಿಯಂ ಡೈಆಕ್ಸೈಡ್‌ನ ಅಥವಾ ಕಬ್ಬಿಣದ ಆಕ್ಸೈಡ್‌ನ ಲೇಪ. ಪಟ್ಟಿಯಲ್ಲಿ ಇ555, ಇ171, ಇ172 ಅನ್ನುವ ನಂಬರುಗಳು ಕಾಣುತ್ತವೆ. ಕಾಪರ್ ಪೌಡರ್, ಬ್ರಾಂಜ್ ಪೌಡರ್ ಅಂತ ಕಂಡರೆ ಹಾಗೇ ಮುಚ್ಚಿ ಇಟ್ಟುಬಿಡಿ. ದೊಡ್ಡ ಚೀಲದಿಂದ ತೆಗೆದು ಬಿಡಿಯಾಗಿ ತುಂಬಿಕೊಟ್ಟ ಡಬ್ಬಿಯಂತೂ ಬೇಡವೇ ಬೇಡ.

ಇನ್ನು ನೀರಿನ ವಿಷಯ. ಫಾಂಡೆಂಟ್ ಅಂದರೆ ಸಕ್ಕರೆ. ನೀರು ಬಿದ್ದರೆ ಕರಗದೆ ಇನ್ನೇನು ಮಾಡುತ್ತದೆ? ಗುಳಿ ಬಿದ್ದದ್ದು, ಅಂಟಿದ್ದು ಎರಡಕ್ಕೂ ಅದೇ ಕಾರಣ. ವೋಡ್ಕಾ ಯಾಕೆ ಹಾಕುತ್ತಾರೆ ಅಂದರೆ ಅದು ಬೇಗ ಆರಿಹೋಗುತ್ತದೆ, ಸಕ್ಕರೆ ಕರಗುವಷ್ಟು ಪುರುಸೊತ್ತು ಸಿಗುವುದಿಲ್ಲ. ಲೆಮನ್ ಎಕ್ಸ್‌ಟ್ರಾಕ್ಟ್ ಹಾಕಿ ಅಂತ ಯಾರಾದರೂ ಹೇಳುತ್ತಾರೆ, ಅದರಲ್ಲೂ ಇರುವುದು ಆಲ್ಕೋಹಾಲೇ. ನಿಮ್ಮ ಅತ್ತೆಗೆ ಹೇಳದೆ ಹಾಕುವ ಸಲಹೆ ನಾನು ಕೊಡುವುದಿಲ್ಲ.

ಒಣ ವಿಧಾನ ಮಾಡಿ. ಬಳೆ ಚೆನ್ನಾಗಿ ಒಣಗಿದ ಮೇಲೆ ಬೆರಳ ತುದಿಗೆ ಒಂದು ಚೂರು ವನಸ್ಪತಿ ತೆಗೆದುಕೊಂಡು, ಕೈಗೆ ಕ್ರೀಮ್ ಹಚ್ಚಿದ ಹಾಗೆ ಇಡೀ ಬಳೆಗೆ ತೆಳ್ಳಗೆ ಸವರಿ. ಕಣ್ಣಿಗೆ ಕಾಣಬಾರದು, ಬೆರಳಿಗೆ ಗೊತ್ತಾಗಬೇಕು, ಅಷ್ಟೇ. ಜಾಸ್ತಿಯಾದರೆ ಪುಡಿ ಕೆಸರಾಗುತ್ತದೆ. ಮೆತ್ತನೆಯ ಚಪ್ಪಟೆ ಬ್ರಷ್‌ನಲ್ಲಿ ಒಣ ಪುಡಿಯನ್ನು ಒತ್ತಿ ಒತ್ತಿ ಕೂರಿಸಿ. ಆಮೇಲೆ ಇನ್ನೊಂದು ಒಣ ಬ್ರಷ್‌ನಿಂದ ಉಜ್ಜಿ. ಮೂಗಿಗೆ ಮಾಸ್ಕ್ ಇರಲಿ, ಈ ಪುಡಿ ಉಸಿರಲ್ಲಿ ಹೋಗಬಾರದು. ಕೊನೆಗೆ ಬಟ್ಟೆ ಸುಕ್ಕು ಬಿಡಿಸುವ ಸ್ಟೀಮರ್ ಇದ್ದರೆ ಒಂದಡಿ ದೂರದಿಂದ ಒಂದೆರಡು ಸೆಕೆಂಡ್ ಆಡಿಸಿ. ಪುಡಿ ಕಚ್ಚಿಕೊಳ್ಳುತ್ತದೆ, ಹೊಳಪೂ ಏರುತ್ತದೆ. ಮೂರನೇ ಸೆಕೆಂಡಿಗೆ ಆಸೆ ಪಡಬೇಡಿ.

ಮತ್ತೆ ಆ ಕಾರ್ನ್‌ಫ್ಲೋರ್ ಬಿಡಿ. ಲಟ್ಟಿಸುವಾಗಲೂ ವನಸ್ಪತಿಯನ್ನೇ ಸವರಿ. ಕಾರ್ನ್‌ಫ್ಲೋರ್ ಉಳಿದ ಕಡೆ ಹೊಳಪು ಹತ್ತುವುದಿಲ್ಲ. ಫ್ರಿಜ್ ಕೂಡ ಬೇಡ, ಫ್ಯಾನ್ ಸಾಕು. ಬಳೆಯನ್ನು ಬೇರೆಯೇ ಬೋರ್ಡ್ ಮೇಲೆ ಮಾಡಿ ಒಣಗಿಸಿ. ಕೇಕಿನ ಮೇಲೆ ಕೊನೆಯ ಗಳಿಗೆಯಲ್ಲಿ ಕೂರಿಸಿದರೆ ಅದಕ್ಕೆ ಬೆವರುವ ಅವಕಾಶವೇ ಇರುವುದಿಲ್ಲ.

ಹನುಮಂತನಗರದ ಓವನ್:

ಟೀಚರ್, ಡಬ್ಬಿ ತಿರುಗಿಸಿದೆ. ಕನ್ನಡಕ ಹಾಕಿಕೊಂಡು, ಮೊಬೈಲ್ ಟಾರ್ಚ್ ಬಿಟ್ಟುಕೊಂಡು ಓದಿದೆ. ಅಲಂಕಾರಕ್ಕೆ ಮಾತ್ರ, ನಾನ್-ಟಾಕ್ಸಿಕ್. ಒಳಗೆ ಏನಿದೆ ಅನ್ನುವ ಪಟ್ಟಿ ಇಲ್ಲ. ಲೈಸೆನ್ಸ್ ನಂಬರ್ ಇಲ್ಲ. ಅಂಗಡಿಯವರನ್ನು ಕೇಳಿದ್ದೆ, ಎಲ್ಲರೂ ಇದನ್ನೇ ತಗೊಂಡು ಹೋಗ್ತಾರೆ ಮೇಡಂ ಅಂದಿದ್ದರು. ನಾನೂ ಎಲ್ಲರಲ್ಲಿ ಒಬ್ಬಳಾದೆ.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿಲ್ಲ. ಹೋದ ತಿಂಗಳು ಒಂದು ನಾಮಕರಣಕ್ಕೆ ಇಪ್ಪತ್ತನಾಲ್ಕು ಕಪ್‌ಕೇಕ್ ಮಾಡಿಕೊಟ್ಟಿದ್ದೆ. ಇದೇ ಜಾತಿಯ ಡಬ್ಬಿ, ಚಿನ್ನದ ಬಣ್ಣ. ಮೇಲೆ ಇಟ್ಟ ಪುಟ್ಟ ಹೂವಿಗೆ ಮಾತ್ರ ಹಾಕಿದ್ದು, ಆದರೂ. ಇವತ್ತು ಅವರಿಗೆ ಫೋನ್ ಮಾಡಿ ಹೇಳಿದೆ. ಯಾರಿಗೂ ಏನೂ ಆಗಿಲ್ಲವಂತೆ. ಹೂವು ಚೆನ್ನಾಗಿದೆ ಅಂತ ಅರ್ಧ ಜನ ತಿನ್ನದೆ ಎತ್ತಿಟ್ಟುಕೊಂಡಿದ್ದರಂತೆ. ಆ ಎರಡೂ ಡಬ್ಬಿ ಈಗ ಮಗನ ಕ್ರಾಫ್ಟ್ ಪೆಟ್ಟಿಗೆಯಲ್ಲಿವೆ, ದಪ್ಪ ಪೆನ್ನಿನಲ್ಲಿ ತಿನ್ನಬಾರದು ಅಂತ ಬರೆದು.

ತಿನ್ನುವಂಥ ಹೊಸ ಪುಡಿ ಆರ್ಡರ್ ಮಾಡಿದ್ದೇನೆ. ಪಟ್ಟಿ, ನಂಬರ್, ಕೊನೆಯ ದಿನಾಂಕ ಎಲ್ಲ ಫೋಟೋದಲ್ಲಿ ಓದಿಯೇ ದುಡ್ಡು ಕಟ್ಟಿದೆ.

ಜೆಸಿ ರೋಡ್ ಪೇಂಟರ್:

ಅಕ್ಕಾ, ನನಗೆ ಕೇಕ್ ಗೊತ್ತಿಲ್ಲ, ತಿನ್ನುವುದು ಗೊತ್ತು. ನಮ್ಮ ಮನೆಯವಳು ಈ ಪ್ರಶ್ನೆ ತೋರಿಸಿ ನಕ್ಕಳು, ನಿಮ್ಮ ಕೆಲಸ ಇಲ್ಲಿಗೂ ಬಂತು ನೋಡಿ ಅಂತ. ನಾನು ಹದಿನೆಂಟು ವರ್ಷದಿಂದ ಗಾಡಿಗಳಿಗೆ ಡೆಂಟಿಂಗ್ ಪೇಂಟಿಂಗ್ ಮಾಡುತ್ತಿದ್ದೇನೆ.

ನೀವು ಬಿಳಿ ಮೇಲೆ ಸಿಲ್ವರ್ ಹೊಡೆದಿದ್ದೀರಿ. ತಪ್ಪು ಅಲ್ಲೇ ಆಗಿದೆ. ಸಿಲ್ವರ್ ಬಣ್ಣಕ್ಕೆ ನಾವು ಕೆಳಗೆ ಬೂದು ಪ್ರೈಮರ್ ಹಾಕುತ್ತೇವೆ. ಕ್ರೋಮ್ ಹಾಗೆ ಕಾಣಬೇಕು ಅಂದರೆ ಕೆಳಗೆ ಕಪ್ಪು, ಅದೂ ಕನ್ನಡಿ ಹಾಗೆ ಹೊಳೆಯುವ ಕಪ್ಪು. ಸಿಲ್ವರ್ ಅನ್ನುವುದು ತೆಳು ಪದರ. ಬೆಳಕು ಅದನ್ನು ತೂರಿ ಕೆಳಗೆ ಹೋಗುತ್ತದೆ. ಕೆಳಗೆ ಬಿಳಿ ಇದ್ದರೆ ಆ ಬೆಳಕೆಲ್ಲ ವಾಪಸ್ ಬಂದು ಸುಣ್ಣ ಬಳಿದ ಹಾಗೆ ಕಾಣುತ್ತದೆ. ಕೆಳಗೆ ಕಪ್ಪು ಇದ್ದರೆ ಮೇಲಿನ ಮಿಂಚು ಮಾತ್ರ ಕಣ್ಣಿಗೆ ಬೀಳುತ್ತದೆ.

ಎರಡನೆಯದು. ನಮ್ಮ ಮೆಟಾಲಿಕ್ ಪೇಂಟಲ್ಲಿ ಅಲ್ಯೂಮಿನಿಯಂ ಚೂರು ಇರುತ್ತದೆ, ಚಪ್ಪಟೆ ಚಪ್ಪಟೆ. ಎಲ್ಲ ಚೂರೂ ಮಲಗಬೇಕು. ಮಲಗಿದರೆ ಕನ್ನಡಿ, ಎದ್ದು ನಿಂತರೆ ಮಣ್ಣು. ಹೊಸ ಹುಡುಗರು ಒಂದೇ ಸಲಕ್ಕೆ ದಪ್ಪ ಹೊಡೆಯುತ್ತಾರೆ. ಪೇಂಟ್ ಒದ್ದೆಯಲ್ಲಿ ಚೂರೆಲ್ಲ ಮುಳುಗಿ ಅಡ್ಡಾದಿಡ್ಡಿ ನಿಲ್ಲುತ್ತವೆ. ಆಮೇಲೆ ಬಾಗಿಲ ಮೇಲೆ ಮೋಡ ಮೋಡ. ಟೀಚರಮ್ಮ ನಿಮ್ಮ ಪುಡಿಯೂ ಹಾಳೆ ಹಾಳೆ ಅಂದರಲ್ಲ, ಹಾಗಾದರೆ ಅದೇ ಲೆಕ್ಕ. ನೀರಲ್ಲಿ ಸಕ್ಕರೆ ಕರಗಿ ನೆಲವೇ ಹಳ್ಳ ದಿಣ್ಣೆ ಆದ ಮೇಲೆ ಚೂರು ಎಲ್ಲಿ ಮಲಗುತ್ತದೆ ಪಾಪ.

ಅದಕ್ಕೇ ಗಾಡಿ ಕೆಲಸದಲ್ಲಿ ಪೇಂಟ್ ಹೊಡೆಯುವುದು ಅರ್ಧ ಗಂಟೆ, ಪುಟ್ಟಿ ಹಾಕಿ ಉಜ್ಜುವುದು ಎರಡು ದಿನ. ಗಿರಾಕಿ ಬಂದು ಇನ್ನೂ ಪೇಂಟೇ ಹಚ್ಚಿಲ್ವಾ ಅಂತ ಬೈಯುತ್ತಾನೆ. ನೀವೂ ಬಳೆಯನ್ನು ನುಣ್ಣಗೆ ಉಜ್ಜಿ. ನುಣುಪಾದ ವಾಟರ್ ಪೇಪರ್, ಅಂದರೆ ಉಜ್ಜುವ ಮರಳು ಕಾಗದ, ಇದ್ದರೆ ಇನ್ನೂ ಒಳ್ಳೆಯದು.

ಇನ್ನೊಂದು. ಮಾವನವರು ಮಲಗಿದಾಗ ಅವರ ವಾಚು ತೆಗೆದುಕೊಂಡು ಟ್ಯೂಬ್‌ಲೈಟ್ ಕೆಳಗೆ ಹಿಡಿದು ನೋಡಿ. ಸ್ಟೀಲು ಪೂರ್ತಿ ಬೆಳ್ಳಗೆ ಇರುವುದಿಲ್ಲ. ಒಂದು ಗೆರೆ ಬಿಳಿ, ಪಕ್ಕದಲ್ಲೇ ಗಟ್ಟಿ ಕಪ್ಪು, ಮತ್ತೆ ಬೂದು. ನೀವು ಎಲ್ಲ ಕಡೆ ಒಂದೇ ಥರ ಹೊಳಪು ಹಾಕಿದರೆ ಪ್ಲಾಸ್ಟಿಕ್ ಆಗುತ್ತದೆ. ಅಂಚಿಗೆ ಬಿಳಿ ಮಿಂಚು, ಸಂದಿಗೆ ಕಪ್ಪು. ಬ್ರಷ್ ಒಂದೇ ದಿಕ್ಕಿಗೆ ಸುತ್ತಬೇಕು, ಲೇತ್‌ನಲ್ಲಿ ತಿರುಗಿಸಿದ ಹಾಗೆ.

ನಮ್ಮ ಡಬ್ಬದ ಪೇಂಟ್ ಮಾತ್ರ ಕೇಕಿಗೆ ಹೊಡೆಯಬೇಡಿ. ಹೇಳಿಬಿಡುವುದು ಒಳ್ಳೆಯದು.

ಜಯನಗರದ ಕೇಕ್ ಟೀಚರ್:

ಪೇಂಟರ್ ಅವರೇ, ನಾನು ಮೂವತ್ತು ವರ್ಷದಿಂದ ಬೂದು ಫಾಂಡೆಂಟ್ ಮೇಲೆ ಬೆಳ್ಳಿ, ಹಳದಿ ಕಂದಿನ ಮೇಲೆ ಚಿನ್ನ ಹಾಕಿ ಅಂತ ಹೇಳಿಕೊಡುತ್ತಿದ್ದೇನೆ. ಯಾಕೆ ಅಂತ ಇಷ್ಟು ಸರಿಯಾಗಿ ನನಗೆ ಯಾರೂ ಹೇಳಿರಲಿಲ್ಲ. ನಿನ್ನೆ ಬರೆಯುವಾಗ ಆ ಮಾತೇ ಬಿಟ್ಟುಹೋಗಿತ್ತು ನೋಡಿ.

ಆದರೆ ವಾಟರ್ ಪೇಪರ್ ಬೇಡ. ಅದರ ಮರಳು ಸಕ್ಕರೆಯಲ್ಲಿ ಕೂತರೆ ಯಾರದ್ದಾದರೂ ಹಲ್ಲಿಗೆ ಸಿಗುತ್ತದೆ. ಫಾಂಡೆಂಟ್ ಹಸಿಯಾಗಿರುವಾಗಲೇ ಇನ್ನೊಂದು ಫಾಂಡೆಂಟ್ ಉಂಡೆಯನ್ನು ಅಂಗೈಯಲ್ಲಿ ಚಪ್ಪಟೆ ಮಾಡಿಕೊಂಡು ಅದರಿಂದ ಉಜ್ಜಿ. ನೀವು ನಂಬುವುದಿಲ್ಲ, ಅಮೃತಶಿಲೆ ಹಾಗೆ ಆಗುತ್ತದೆ. ಗಾಳಿಗುಳ್ಳೆ ಇದ್ದರೆ ಸೂಜಿಯಲ್ಲಿ ಚುಚ್ಚಿ ಸವರಿ. ಬಿಳಿ ಫಾಂಡೆಂಟಿಗೆ ರೆಡಿ ಸಿಗುವ ಕಪ್ಪು ಫಾಂಡೆಂಟ್ ಸೇರಿಸಿ ನಾದಿ, ಇಡೀ ರಾತ್ರಿ ಮುಚ್ಚಿಡಿ. ಬಣ್ಣ ಬೆಳಿಗ್ಗೆ ಹೊತ್ತಿಗೆ ಇನ್ನೂ ಗಾಢವಾಗುತ್ತದೆ, ಆಗ ನೋಡಿ ತೀರ್ಮಾನ ಮಾಡಿ. ಮಳೆಗಾಲ ಆದ್ದರಿಂದ ಒಣಗಲು ಮೂರು ದಿನ ಬಿಡಿ.

ಪೇಡೆ ಅಂಗಡಿ ಮೊಮ್ಮಗ:

ನಮ್ಮ ತಾತನ ಕಾಲದ ಉತ್ತರ ಒಂದಿದೆ: ಬೆಳ್ಳಿ ರೇಕು. ಕಾಜು ಕಟ್ಲಿ ಮೇಲೆ ಇರುತ್ತದಲ್ಲ, ಅದೇ. ನಿಜವಾದ ಲೋಹ, ಮದ್ಯ ಬೇಡ.

ಇಡೀ ಬಳೆಗೆ ಮಾತ್ರ ಹಾಕಬೇಡಿ. ರೇಕು ಅಂಟಿದ ಕಡೆ ಅಂಟಿ, ಹರಿದ ಕಡೆ ಹರಿದು, ಸುಕ್ಕು ಬೀಳುತ್ತದೆ. ದೇವಸ್ಥಾನದ ಹಳೆಯ ಕವಚದ ಹಾಗೆ ಕಾಣಬೇಕಾದರೆ ಚೆನ್ನ, ಕಾರ್ಖಾನೆ ಸ್ಟೀಲಿಗೆ ಸರಿಹೋಗುವುದಿಲ್ಲ. ಕೀ ಕೊಡುವ ತಿರುಪು, ಮುಳ್ಳು, ಇಂಥ ಚಿಕ್ಕ ಭಾಗಕ್ಕೆ ಹಾಕಿ. ತುಸು ತೇವದ ಬ್ರಷ್ ಆಡಿಸಿ, ರೇಕನ್ನು ಕಾಗದದ ಸಮೇತ ಕವುಚಿ ಹಾಕಿ, ಕಾಗದದ ಬೆನ್ನ ಮೇಲೆ ಸವರಿ ಎತ್ತಿ. ಬೆರಳು ತಾಗಿಸಬೇಡಿ, ಬೆರಳಿಗೇ ಹೋಗಿಬಿಡುತ್ತದೆ. ಫ್ಯಾನ್ ಆಫ್ ಮಾಡಿ. ಉಸಿರನ್ನೂ ಸ್ವಲ್ಪ ಆಫ್ ಮಾಡಿ.

ಕೊಳ್ಳುವಾಗ ಹುಷಾರು. ಅಗ್ಗದ್ದು ಅಲ್ಯೂಮಿನಿಯಂ ಇರುತ್ತದೆ. ಒಂದು ಚೂರನ್ನು ಎರಡು ಬೆರಳ ನಡುವೆ ಉಜ್ಜಿ. ಬೆಳ್ಳಿಯಾದರೆ ಮಾಯ ಆಗುತ್ತದೆ, ಅಲ್ಯೂಮಿನಿಯಂ ಆದರೆ ಸಣ್ಣ ಉಂಡೆ ಕಟ್ಟುತ್ತದೆ. ಸುಟ್ಟು ನೋಡಿದರೆ ಇನ್ನೂ ಖಚಿತ. ಬೆಳ್ಳಿ ಮಿನುಗುವ ಪುಟ್ಟ ಗುಂಡಾಗಿ ಉಳಿಯುತ್ತದೆ, ಅಲ್ಯೂಮಿನಿಯಂ ಕಪ್ಪು ಬೂದಿಯಾಗುತ್ತದೆ. ಅತ್ತೆಯವರು ಕೇಳಿದರೆ ಇದನ್ನೂ ಹೇಳಿ: ಮೊದಲೆಲ್ಲ ರೇಕನ್ನು ದನದ ಕರುಳು, ಚರ್ಮದ ನಡುವೆ ಇಟ್ಟು ಬಡಿಯುತ್ತಿದ್ದರು. ರೇಕು ತಯಾರಿಸುವ ಯಾವ ಹಂತದಲ್ಲೂ ಪ್ರಾಣಿ ವಸ್ತು ಬಳಸಬಾರದು ಅಂತ ಎಫ್‌ಎಸ್‌ಎಸ್‌ಎಐ 2016ರಲ್ಲಿ ನಿಯಮ ಮಾಡಿತು. ಯಂತ್ರದಲ್ಲಿ ಮಾಡಿದ್ದು, ಹಸಿರು ಚುಕ್ಕೆ ಇರುವುದನ್ನೇ ತೆಗೆದುಕೊಳ್ಳಿ.

ಕ್ರೀಮ್ ಬನ್:

ಮೇಲೆ ವಾರ್ನಿಶ್ ಥರ ಗ್ಲೇಜ್ ಬರುತ್ತದಲ್ಲ, ಅದನ್ನು ಹಾಕಿದರೆ ಕನ್ನಡಿ ಹಾಗೆ ಆಗಲ್ವಾ? ಈ ಸಲ ನಿಜವಾಗಿ ಕೇಳುತ್ತಿದ್ದೇನೆ.

ರಾಮನಗರ ರೈಲು:

ಆಗುತ್ತದೆ. ಆದರೆ ಆ ಗ್ಲೇಜ್ ಅಂದರೆ ಅರಗು, ಲೇಬಲ್‌ನಲ್ಲಿ ಇ904. ಮರದ ಕೊಂಬೆ ಮೇಲೆ ಅರಗಿನ ಹುಳು ಬಿಡುವ ಅಂಟು ಅದು. ಸಾಮಾನ್ಯವಾಗಿ ಅದನ್ನೂ ಆಲ್ಕೋಹಾಲ್‌ನಲ್ಲೇ ಕರಗಿಸಿರುತ್ತಾರೆ. ಹುಳು ಒಂದು, ಮದ್ಯ ಎರಡು, ಅತ್ತೆಯವರ ಹತ್ತಿರ ಎರಡೂ ಫೇಲ್.

ನಮ್ಮ ಪಕ್ಕದ ಚನ್ನಪಟ್ಟಣದ ಗೊಂಬೆಗೂ ಅರಗೇ. ಲೇತ್ ಮೇಲೆ ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಿದ ಬಿಸಿಗೆ ಕರಗಿ ಹತ್ತುತ್ತದೆ. ಆಮೇಲೆ ಒಣಗಿದ ತಾಳೆಗರಿ ಹಿಡಿದು ಉಜ್ಜುತ್ತಾರೆ. ಆ ಮಿರಿಮಿರಿ ಹೊಳಪು ಬರುವುದು ಗರಿ ಹಿಡಿದ ಮೇಲೆ. ನಾನು ಚಿಕ್ಕವನಿದ್ದಾಗ ನೋಡಿದ್ದು. ಕೇಕಿಗೆ ಗರಿ ಹಿಡಿಯಿರಿ ಅಂತಲ್ಲ. ಟೀಚರ್ ಹೇಳಿದ ಆ ಒಣ ಬ್ರಷ್ಷಿನ ಉಜ್ಜಾಟವನ್ನು ಬೇಗ ನಿಲ್ಲಿಸಬೇಡಿ ಅಂತ.

ಹನುಮಂತನಗರದ ಓವನ್:

ಸೋಮವಾರ ಮಧ್ಯಾಹ್ನ. ಮನೆಯಲ್ಲಿ ಎಲ್ಲರೂ ಮಲಗಿದ್ದಾರೆ. ಆದದ್ದನ್ನು ಹೇಳಿಬಿಡುತ್ತೇನೆ.

ಮೊದಲು ಪೇಂಟರ್ ಸಾರ್ ಹೇಳಿದ ಹಾಗೆ ವಾಚು ಕದ್ದೆ. ರಾತ್ರಿ ಹತ್ತೂವರೆಗೆ ಸ್ಟಡಿ ಲ್ಯಾಂಪ್ ಕೆಳಗೆ ಹಿಡಿದು ನೋಡಿದರೆ, ಹೌದು, ಅರ್ಧಕ್ಕರ್ಧ ಕಪ್ಪೇ ಇದೆ. ಇಪ್ಪತ್ತು ವರ್ಷದಿಂದ ದಿನಾ ನೋಡಿದ ವಾಚು, ಒಂದು ದಿನವೂ ಅದು ಕಣ್ಣಿಗೆ ಬಿದ್ದಿರಲಿಲ್ಲ. ನಾಲ್ಕು ಗಂಟೆ ಗುರುತಿನ ಹತ್ತಿರ ಗಾಜಿನ ಮೇಲೆ ಒಂದು ಗೀರು ಇದೆ. ಅದನ್ನೂ ಬರೆದುಕೊಂಡೆ.

ಒಂದು ಪಾಲು ಕಪ್ಪು, ಮೂರು ಪಾಲು ಬಿಳಿ ಫಾಂಡೆಂಟ್ ಸೇರಿಸಿ ನಾದಿದೆ. ರಾತ್ರಿ ಆನೆ ಬಣ್ಣ ಇತ್ತು, ಬೆಳಿಗ್ಗೆ ಎಮ್ಮೆ ಬಣ್ಣ ಆಗಿತ್ತು. ಜಾಸ್ತಿ ಆಯಿತೇನೋ ಅಂತ ಹೆದರಿದೆ, ಆದರೆ ಅದೇ ಸರಿಹೋಯಿತು. ಎರಡು ಬಳೆ ಮಾಡಿದೆ, ಒಂದು ಒಡೆದರೆ ಇನ್ನೊಂದು ಇರಲಿ ಅಂತ. ಫಾಂಡೆಂಟ್ ಉಂಡೆಯಲ್ಲಿ ಉಜ್ಜಿದ್ದು ಮುಕ್ಕಾಲು ಗಂಟೆ. ಮಗ ಬಂದು ಅಮ್ಮ ಚಪಾತಿಗೆ ಮಸಾಜ್ ಮಾಡ್ತಿದ್ದಾಳೆ ಅಂತ ಅಪ್ಪನಿಗೆ ಹೇಳಿದ. ಪೂಜೆ ಸಾಮಾನಿನ ಕಪಾಟಿನ ಮೇಲೆ ಮೂರು ದಿನ ಒಣಗಿತು. ಎರಡನೇ ದಿನ ಒಂದು ಬಳೆ ಬಿರುಕು ಬಿಟ್ಟಿತು.

ವನಸ್ಪತಿ ಮೊದಲ ಸಲ ಜಾಸ್ತಿ ಸವರಿಬಿಟ್ಟೆ. ಟಿಶ್ಯೂ ಪೇಪರ್‌ನಲ್ಲಿ ಪೂರ್ತಿ ಒರೆಸಿದೆ, ಒರೆಸಿದ ಮೇಲೆ ಉಳಿದದ್ದೇ ಸಾಕಾಯಿತು. ಹೊಸ ಪುಡಿ ಒತ್ತಿ ಒತ್ತಿ ಕೂರಿಸಿ, ಬಳೆಯ ಸುತ್ತ ಒಂದೇ ದಿಕ್ಕಿಗೆ ಉಜ್ಜಿದೆ. ರಾಮನಗರದವರ ಮಾತು ನೆನೆಸಿಕೊಂಡು ನಿಲ್ಲಿಸಲಿಲ್ಲ. ಸುಮಾರು ಇಪ್ಪತ್ತು ನಿಮಿಷ ಆದ ಮೇಲೆ ಇದ್ದಕ್ಕಿದ್ದ ಹಾಗೆ ಅದು ಪುಡಿಯಾಗಿ ಕಾಣುವುದು ನಿಂತು ಲೋಹವಾಗಿ ಕಾಣಲು ಶುರುವಾಯಿತು. ಒಳ ಅಂಚಿನ ಸಂದಿಗೆ ತಿನ್ನುವ ಕಪ್ಪು ಪುಡಿ, ಹೊರ ಅಂಚಿಗೆ ಬಿಳಿ ಪರ್ಲ್ ಪುಡಿ. ಸ್ಟೀಮರ್ ಒಂದೇ ಸೆಕೆಂಡ್, ಅದಕ್ಕಿಂತ ಧೈರ್ಯ ಬರಲಿಲ್ಲ. ಹಬೆ ತಾಗಿದ ಕೂಡಲೇ ಮೈ ಮೇಲೆ ಹರಡಿದ್ದ ಸಡಿಲ ಪುಡಿ ಅಡಗಿ ಹೊಳಪು ಏರಿತು. ತಿರುಪು ಮತ್ತು ಎರಡು ಮುಳ್ಳಿಗೆ ಬೆಳ್ಳಿ ರೇಕು. ಐದು ಹಾಳೆ ತಂದಿದ್ದೆ, ಒಂದು ನನ್ನ ಮೂಗಿಗೆ ಹೋಯಿತು, ಒಂದು ಗೋಡೆಗೆ.

ಅತ್ತೆ ಡಬ್ಬಿ ತೆಗೆದುಕೊಂಡು ಹಸಿರು ಚುಕ್ಕೆ ನೋಡಿದರು, ರೇಕಿನ ಚೂರನ್ನು ತಾವೇ ಬೆರಳಲ್ಲಿ ಉಜ್ಜಿ ನೋಡಿದರು. ಮಾಯವಾಯಿತು. ಅಲ್ಲಿಂದ ಮುಂದೆ ಅವರೇ ನನ್ನ ವಕೀಲರು. ಬಂದವರಿಗೆಲ್ಲ ಇದಕ್ಕೆ ಒಂದು ತೊಟ್ಟೂ ಬ್ರಾಂಡಿ ಹಾಕಿಲ್ಲ ಅಂತ ಕೇಳದೆಯೇ ಹೇಳುತ್ತಿದ್ದರು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು.

ಕೇಕಿಗೆ ಒಳಗೆ ಡಾರ್ಕ್ ಚಾಕೊಲೇಟ್ ಗನಾಶ್, ಎರಡು ಪಾಲು ಚಾಕೊಲೇಟಿಗೆ ಒಂದು ಪಾಲು ಕ್ರೀಮ್. ಬಳೆಯನ್ನು ತೆಳು ಬೋರ್ಡ್ ಸಮೇತ ಕೂರಿಸಿದ್ದರಿಂದ ಕತ್ತರಿಸುವ ಮುಂಚೆ ಹಾಗೇ ಎತ್ತಿಟ್ಟೆವು. ತಿನ್ನುವ ಪುಡಿಯೇ ಆದರೂ ಅಷ್ಟು ಪುಡಿ ಯಾಕೆ ತಿನ್ನಬೇಕು ಅಂತ.

ಮಾವ ಕೇಕ್ ಮುಂದೆ ಬಂದು ನಿಂತರು. ಮಾತಿಲ್ಲ. ಕನ್ನಡಕ ಹಣೆಗೆ ಏರಿಸಿ, ಬಗ್ಗಿ, ಡಯಲ್‌ಗೆ ಮೂಗು ತಾಗುವಷ್ಟು ಹತ್ತಿರ ಹೋದರು. ನಾಲ್ಕು ಗಂಟೆ ಹತ್ತಿರದ ಗೀರು ನೋಡಿ ನನ್ನ ಕಡೆ ತಿರುಗಿದರು. ಮತ್ತೆ ಬಗ್ಗಿದರು. ಆಮೇಲೆ ಕೇಳಿದರು: "ಸೆಕೆಂಡ್ ಮುಳ್ಳು ಎಲ್ಲಮ್ಮಾ?"

ಅದು ಬೆಳಿಗ್ಗೆ ಮುರಿದಿತ್ತು. ಹೋಮದ ಗಡಿಬಿಡಿಯಲ್ಲಿ ಇನ್ನೊಂದು ಮಾಡಲು ಆಗಿರಲಿಲ್ಲ. ಎಪ್ಪತ್ತು ಜನ ಬಂದಿದ್ದರು, ಒಬ್ಬರಿಗೂ ಗೊತ್ತಾಗಿರಲಿಲ್ಲ. ಮಾವ ಒಳಗೆ ಹೋಗಿ ಒಂದು ಶಾವಿಗೆ ಕಡ್ಡಿ ತಂದು ಸರಿಯಾದ ಉದ್ದಕ್ಕೆ ಮುರಿದು ಹನ್ನೆರಡರ ಮೇಲೆ ಇಟ್ಟರು. ಆಮೇಲೇ ಕತ್ತರಿಸಲು ಬಿಟ್ಟದ್ದು.

ತಿರುಪನ್ನು ಕಿರಿಯ ಮೊಮ್ಮಗ ತಿಂದ. ಬಳೆ ಈಗ ಶೋಕೇಸಿನಲ್ಲಿ, ಮಾವನವರ ಹಳೆಯ ಐಡಿ ಕಾರ್ಡಿನ ಪಕ್ಕದಲ್ಲಿ ಇದೆ. ಮಳೆಗೆ ಎಷ್ಟು ದಿನ ತಡೆಯುತ್ತದೋ ನೋಡಬೇಕು. ಟೀಚರ್, ಇರುವೆ ಬಾರದ ಹಾಗೆ ಏನು ಮಾಡಲಿ?

ಜಯನಗರದ ಕೇಕ್ ಟೀಚರ್:

ಗಾಜಿನ ಡಬ್ಬದಲ್ಲಿ ಹಾಕಿ ಮುಚ್ಚಳ ಬಿಗಿ ಮಾಡಿ. ಔಷಧಿ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣ ಒಂದೆರಡು ಒಳಗೆ ಇಡಿ. ನನ್ನ ಮಗಳ ಮದುವೆ ಕೇಕಿನ ಸಕ್ಕರೆ ಮಲ್ಲಿಗೆ ಹಾಗೇ ಇದೆ, ಹನ್ನೊಂದು ವರ್ಷವಾಯಿತು. ಆ ಶಾವಿಗೆ ಮುಳ್ಳನ್ನೂ ಜೊತೆಗೆ ಇಟ್ಟಿದ್ದೀರಿ ತಾನೇ?